ಏಳು ವರ್ಷದ ಮಗುವಿಗೆ ಸಂಗೀತ: ಗುಂಪಿನಲ್ಲಿ ಕಲಿಸಬೇಕಾ, ಒಬ್ಬಳಿಗೇ ಪಾಠ ಹಾಕಿಸಬೇಕಾ?

ಜಯನಗರದ ಅಪ್ಪ

ಮಗಳಿಗೆ ಏಳು ತುಂಬಿದೆ. ಕರ್ನಾಟಕ ಸಂಗೀತದ ಹಾಡುಗಾರಿಕೆ ಶುರು ಮಾಡಿಸಬೇಕು ಅಂತಿದ್ದೀವಿ. ಹತ್ತಿರದಲ್ಲೇ ಒಂದು ಗುಂಪಿನ ತರಗತಿ ಇದೆ: ಎಂಟು ಮಕ್ಕಳು, ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ತಿಂಗಳಿಗೆ 1,500 ರೂಪಾಯಿ. ಇನ್ನೊಬ್ಬರು ಒಬ್ಬಳಿಗೇ ಪಾಠ ಹೇಳಿಕೊಡ್ತಾರೆ: ವಾರಕ್ಕೆ ಒಂದೇ ದಿನ, 40 ನಿಮಿಷ, ತಿಂಗಳಿಗೆ 4,000. ಇಬ್ಬರೂ ಸಂಗೀತದ ವಿದ್ವತ್ ಪರೀಕ್ಷೆ ಮುಗಿಸಿದವರು. ಮನೆಯಲ್ಲಿ ನಮಗೆ ಯಾರಿಗೂ ಸಂಗೀತ ಬರಲ್ಲ, ತಪ್ಪು ಹಾಡಿದರೆ ತಿದ್ದೋಕೆ ಗೊತ್ತಾಗಲ್ಲ. ಏನು ನೋಡಿ ತೀರ್ಮಾನ ಮಾಡಬೇಕು?

ಸರಳೆ ಟೀಚರ್, ಮೈಸೂರು

ಸರ್, ಗುಂಪು ಅಥವಾ ಖಾಸಗಿ ಅನ್ನೋ ಹೆಸರನ್ನು ಪಕ್ಕಕ್ಕಿಡಿ. ಕೇಳಬೇಕಾದ ಪ್ರಶ್ನೆ ಒಂದೇ: ಒಂದು ತಿಂಗಳಲ್ಲಿ ನಿಮ್ಮ ಮಗಳು ಒಬ್ಬಳೇ ಹಾಡಿ, ಅದನ್ನು ಗುರುಗಳು ಕೇಳಿ ತಿದ್ದುವ ನಿಮಿಷಗಳು ಎಷ್ಟು?

ಲೆಕ್ಕ ಹಾಕಿ ನೋಡಿ. ಒಂದು ಗಂಟೆಯ ಗುಂಪಿನಲ್ಲಿ ಪ್ರತಿ ಮಗುವನ್ನೂ ನಾಲ್ಕು ನಿಮಿಷ ಒಂಟಿಯಾಗಿ ಹಾಡಿಸಿದರೆ 32 ನಿಮಿಷ ಆಯಿತು. ಉಳಿದದ್ದು ಎಲ್ಲರೂ ಸೇರಿ ಹಾಡೋದು, ಹೊಸ ಪಾಠ, ಕೂರಿಸೋದು, ಶ್ರುತಿ (ಹಾಡೋಕೆ ಆಧಾರವಾದ ನಾದ) ಇಡೋದು. ತಿಂಗಳಿಗೆ ಎಂಟು ತರಗತಿ ಅಂದರೆ ನಿಮ್ಮ ಮಗಳಿಗೆ ಸಿಗೋದು 32 ನಿಮಿಷ. ಖಾಸಗಿ ಪಾಠದಲ್ಲಿ 40 ನಿಮಿಷದಲ್ಲಿ ಅರ್ಧ ಗುರುಗಳು ಹಾಡಿ ತೋರಿಸ್ತಾರೆ ಅಂತಿಟ್ಟುಕೊಂಡರೂ ನಾಲ್ಕು ವಾರಕ್ಕೆ 80 ನಿಮಿಷ ಸಿಗುತ್ತೆ. ದುಡ್ಡಿನ ಲೆಕ್ಕದಲ್ಲಿ ಗುಂಪಿನದು ನಿಮಿಷಕ್ಕೆ ಸುಮಾರು 47 ರೂಪಾಯಿ, ಖಾಸಗಿಯದು 50. ಅಂದರೆ ಗುಂಪು ಅಂದುಕೊಂಡಷ್ಟು ಅಗ್ಗವೂ ಅಲ್ಲ, ಖಾಸಗಿ ಅಂದುಕೊಂಡಷ್ಟು ದುಬಾರಿಯೂ ಅಲ್ಲ.

ಆದರೆ ಆ ನಾಲ್ಕು ನಿಮಿಷ ನಿಜವಾಗಿ ಕೊಡ್ತಾರಾ ಅನ್ನೋದೇ ಮುಖ್ಯ. ಎಷ್ಟೋ ಗುಂಪುಗಳಲ್ಲಿ ಒಂದು ಗಂಟೆಯೂ ಎಲ್ಲರೂ ಒಟ್ಟಿಗೇ ಹಾಡ್ತಾರೆ. ಅಲ್ಲಿ ಜೋರು ದನಿಯ ಒಂದೋ ಎರಡೋ ಮಕ್ಕಳು ಹಾಡ್ತಾ ಇರ್ತಾರೆ, ಉಳಿದವರು ಅವರ ಹಿಂದೆ ಕಾಲು ಅಕ್ಷರ ತಡವಾಗಿ ಸ್ವರ ಹಿಡೀತಾ ಇರ್ತಾರೆ. ಹೊರಗೆ ಕೂತು ಕೇಳಿದರೆ ಎಲ್ಲ ಚೆನ್ನಾಗಿಯೇ ಕೇಳಿಸುತ್ತೆ. ಅಂಥ ಮಗು ಆರು ತಿಂಗಳಾದ ಮೇಲೂ ತಂಬೂರಿಯ ಜೊತೆ ಒಂಟಿಯಾಗಿ ಮೊದಲ ಸರಳೆ, ಅಂದರೆ ಸ ರಿ ಗ ಮದ ಮೊದಲ ಪಾಠ, ಹಾಡೋಕೆ ತಡವರಿಸುತ್ತೆ.

ಮಲ್ಲೇಶ್ವರಂ ಗಾಯಕಿ

ಟೀಚರ್ ಹೇಳಿದ ಲೆಕ್ಕ ಸರಿ. ಆದರೆ ಪಕ್ಕದ ಮಗು ಹಾಡುವಾಗಿನ 28 ನಿಮಿಷ ದಂಡ ಅಂತ ಬರೆದುಹಾಕೋದು ನನಗೆ ಒಪ್ಪಿಗೆ ಇಲ್ಲ. ಮೊದಲ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ರಿ (ಶುದ್ಧ ರಿಷಭ), ಗ (ಅಂತರ ಗಾಂಧಾರ) ಇವುಗಳ ನಡುವೆ ದೂರ ಜಾಸ್ತಿ, ಗಾಂಧಾರ, ಮಧ್ಯಮ (ಮ) ಅಕ್ಕಪಕ್ಕ. ಹೆಚ್ಚಿನ ಮಕ್ಕಳು ಗಾಂಧಾರವನ್ನು ಕೆಳಕ್ಕೆ ಎಳೀತಾರೆ, ಮೇಲಿನಿಂದ ಇಳಿಯುವಾಗ ನಿ (ಕಾಕಲಿ ನಿಷಾದ) ಇರಬೇಕಾದ್ದಕ್ಕಿಂತ ಕೆಳಕ್ಕೆ ಬೀಳುತ್ತೆ. ತಾನು ಹಾಡುವಾಗ ಆ ತಪ್ಪು ಮಗುವಿನ ಕಿವಿಗೆ ಬೀಳಲ್ಲ. ಪಕ್ಕದವನು ಅದೇ ತಪ್ಪು ಮಾಡಿ, ಗುರುಗಳು ಅವನನ್ನು ನಿಲ್ಲಿಸಿ ಸರಿ ಗಾಂಧಾರ ಹಾಡಿಸಿದಾಗ ಎರಡರ ವ್ಯತ್ಯಾಸ ಥಟ್ಟನೆ ಕೇಳಿಸುತ್ತೆ. ಕಿವಿ ತಯಾರಾಗೋದು ಹಾಗೆ.

ಇನ್ನೊಂದು ತಾಳ. ಸಪ್ತತಾಳದ ಅಲಂಕಾರಗಳಿಗೆ, ಅಂದರೆ ಏಳು ತಾಳಗಳಲ್ಲಿ ಹಾಡುವ ಸ್ವರಪಾಠಗಳಿಗೆ, ಬಂದಾಗ ಗುಂಪಿನ ಬಲ ಗೊತ್ತಾಗುತ್ತೆ. ಝಂಪೆ ಅಲಂಕಾರ ತಗೊಳ್ಳಿ: ಏಳು ಅಕ್ಷರದ (ಎಣಿಕೆಯ) ಲಘು, ಒಂದು ಅಕ್ಷರದ ಅನುದ್ರುತ, ಎರಡು ಅಕ್ಷರದ ದ್ರುತ, ಒಟ್ಟು 10. ಲಘುವಿಗೆ ಒಂದು ಪೆಟ್ಟು, ಆಮೇಲೆ ಕಿರುಬೆರಳಿನಿಂದ ಹೆಬ್ಬೆರಳವರೆಗೆ ಐದು, ಮತ್ತೆ ಕಿರುಬೆರಳು ಒಂದು. ಆ ಏಳನೆಯ ಎಣಿಕೆಗೆ ವಾಪಸ್ ಕಿರುಬೆರಳಿಗೆ ಬರೋದನ್ನು ಏಳು ವರ್ಷದ ಮಕ್ಕಳು ತಪ್ಪಿಸಿಯೇ ತಪ್ಪಿಸ್ತಾರೆ. ಮಟ್ಯ ತಾಳವೂ ಹತ್ತೇ ಅಕ್ಷರ, ಆದರೆ 4, 2, 4. ಎರಡನ್ನೂ ಅದಲುಬದಲು ಮಾಡ್ಕೊಳ್ತಾರೆ. ನಾಲ್ಕು ಮಕ್ಕಳು ಎದುರುಬದುರು ಕೂತು ಕೈ ಹಾಕಿದರೆ ಯಾರ ಬೆರಳು ತಪ್ಪಿತು ಅಂತ ಅವರಿಗವರೇ ಕಂಡುಹಿಡೀತಾರೆ. ಒಬ್ಬಳೇ ಇದ್ದರೆ ಗುರುಗಳ ಕೈಯನ್ನೇ ನೋಡಿ ಹಾಕೋದು ರೂಢಿಯಾಗಿಬಿಡುತ್ತೆ, ಗುರುಗಳು ಕೈ ನಿಲ್ಲಿಸಿದರೆ ಇವಳ ಕೈಯೂ ನಿಲ್ಲುತ್ತೆ.

ಏಳು ವರ್ಷದ ಮಗು 40 ನಿಮಿಷ ದೊಡ್ಡವರೊಬ್ಬರ ಎದುರು ಒಂಟಿಯಾಗಿ ಕೂತು ಹಾಡೋದು ಸಣ್ಣ ಮಾತಲ್ಲ. ಕಾಲು ಗಂಟೆಗೆ ಗಂಟಲೂ ಗಮನವೂ ದಣಿಯುತ್ತೆ.

ಸರಳೆ ಟೀಚರ್, ಮೈಸೂರು

ಗಾಯಕಿ ಮೇಡಂ, ನಾಲ್ಕು ಮಕ್ಕಳು ಅಂದಿರಿ, ಅಲ್ಲಿಗೆ ನಮ್ಮಿಬ್ಬರ ಮಾತು ಒಂದೇ ಆಯಿತು. ನಾಲ್ಕೈದು ಮಕ್ಕಳವರೆಗೆ ನೀವು ಹೇಳಿದ್ದೆಲ್ಲ ನಡೆಯುತ್ತೆ. ಎಂಟಾದರೆ ಗುರುಗಳು ಬಹಳ ಶಿಸ್ತಿನವರಾಗಿರಬೇಕು. ಹನ್ನೆರಡು ದಾಟಿದರೆ ಅದು ಭಜನೆಗೆ ಸರಿ, ಸ್ವರ ತಿದ್ದೋಕೆ ಸಾಲದು.

ಜಂಟಿ ವರಸೆ, ಅಂದರೆ ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುವ ಪಾಠದ ಬಗ್ಗೆ ಒಂದು ಮಾತು ಸೇರಿಸ್ತೀನಿ. "ಸಸ ರಿರಿ ಗಗ ಮಮ" ಹಾಡುವಾಗ ಎರಡನೆಯ ಸ್ವರಕ್ಕೆ ಒತ್ತು ಬೀಳಬೇಕು. ಆ ಒತ್ತು ಹೊಟ್ಟೆಯಿಂದ ಬರಬೇಕು, ಗಂಟಲು ಬಿಗಿದು ಅಲ್ಲ. ಎಂಟು ಮಕ್ಕಳ ದನಿ ಒಟ್ಟಿಗೆ ಬಂದರೆ ಎರಡು ಷಡ್ಜವೂ (ಸ) ಕೂಡಿ ಒಂದು ಉದ್ದ ಷಡ್ಜದ ಹಾಗೆ ಕೇಳಿಸುತ್ತೆ. ಮುಂದೆ ಗಮಕ, ಅಂದರೆ ಸ್ವರವನ್ನು ತೂಗಿ ಹಾಡುವ ಕಸುವು ಬರೋದು ಈ ವರಸೆಯಿಂದ, ಹಾಗಾಗಿ ಇದನ್ನು ಪ್ರತಿ ಮಗುವಿನಿಂದಲೂ ಬೇರೆಬೇರೆಯಾಗಿ ಮೂರು ಕಾಲದಲ್ಲಿ (ವೇಗದಲ್ಲಿ) ಹಾಡಿಸಲೇಬೇಕು. ಮೊದಲ ಕಾಲ ಸರಿ ಇದ್ದು ಮೂರನೆಯ ಕಾಲದಲ್ಲಿ ಒತ್ತು ಮಾಯವಾದರೆ ಪಾಠ ಮುಂದಕ್ಕೆ ಹೋಗಬಾರದು. ಗುಂಪಿನಲ್ಲಿ ಏಳು ಮಕ್ಕಳಿಗೆ ಬಂದಿದೆ ಅಂತ ಎಂಟನೆಯವಳನ್ನೂ ಎಳ್ಕೊಂಡು ಹೋಗ್ತಾರೆ, ಅದೇ ಅಪಾಯ.

ಧಾರವಾಡದವ

ನೋಡ್ರಿ, ನಮ್ಮ ಕಡೆ ಹಿಂದೂಸ್ತಾನಿ. ಆದ್ರೂ ಈ ಪ್ರಶ್ನೆ ನಮಗೂ ಬರ್ತದ. ಶುರುವಿನಾಗ ಅಲಂಕಾರ, ಪಲ್ಟಾ ಅನ್ನೋ ಸ್ವರಪಾಠ, ಭೂಪಾಲಿ ರಾಗದ ಛೋಟಾ ಖ್ಯಾಲ (ಸಣ್ಣ ಹಾಡು) ಇಷ್ಟು ಗುಂಪಿನಾಗ ಚಲೋ ನಡೀತದ. ತೀನತಾಲ ಅನ್ನೋ ತಾಳದ 16 ಮಾತ್ರೆ (ಎಣಿಕಿ) ಎಲ್ಲರೂ ಕೂಡಿ ಕೈಯಾಗ ಹಾಕೋದರಿಂದ ಲಯ ಗಟ್ಟಿ ಆಗ್ತದ. ಆದ್ರ ವಿಲಂಬಿತಕ್ಕ (ನಿಧಾನ ಗತಿಯ ಹಾಡಿಗೆ) ಬಂದ ಮ್ಯಾಲೆ ಗುಂಪು ಸಾಲೂದಿಲ್ಲ. ಆಲಾಪ, ಅಂದ್ರ ರಾಗ ಬೆಳೆಸೂದು, ಹುಡುಗ ತಾನ ಮಾಡಬೇಕಾದ ಕೆಲಸ. ಆರು ಮಂದಿ ಕೂಡಿ ಒಂದ ಆಲಾಪ ಬಾಯಿಪಾಠ ಹಾಡಿದ್ರ ಅದು ಆಲಾಪ ಅಲ್ಲ.

ಹಾರ್ಮೋನಿಯಂ ಬಗ್ಗೆ ಹುಷಾರು. ಎಷ್ಟೋ ತರಗತಿಯಾಗ ಗುರುಗಳು ಪ್ರತಿ ಸ್ವರಾನೂ ಪೆಟಿಗಿ ಮ್ಯಾಲೆ ಬಾರಿಸ್ತಾರ, ಹುಡುಗರು ಅದಕ್ಕ ದನಿ ಜೋತು ಬಿಡ್ತಾರ. ಪೆಟಿಗಿ ನಿಲ್ಲಿಸಿ ಬರೇ ತಾನಪುರಾ ಇಟ್ಟು ಹಾಡಸ್ರಿ, ಆಗ ನಿಜ ಗೊತ್ತಾಗ್ತದ. ಇದು ಕರ್ನಾಟಕಿ ಕಲಿಯೋರು ಕೀಬೋರ್ಡ್ ಇಟ್ಟುಕೊಂಡಾಗಲೂ ಅಷ್ಟ ಖರೆ.

ಹಳೇ ತಾಲೀಮು ಇತ್ತಲ್ಲ, ಅದು ಪೂರಾ ಗುಂಪೂ ಅಲ್ಲ, ಪೂರಾ ಒಂಟೀನೂ ಅಲ್ಲ. ನಾಲ್ಕು ಶಿಷ್ಯರು ಕೂತಿರ್ತಾರ, ಗುರು ಒಬ್ಬನಿಗೆ ಹೇಳಿಕೊಡ್ತಾರ, ಉಳಿದವರು ಕೇಳ್ತಾರ. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಮಕ್ಕಳು ಅಲ್ಲೇ ಇದ್ದು ಕಲೀತಾರ, ದಿನಾ ಸಂಗೀತ ಕಿವಿಮ್ಯಾಲೆ ಬೀಳ್ತಿರ್ತದ. ವಾರಕ್ಕೊಮ್ಮೆ 40 ನಿಮಿಷ ಬರೋ ಹುಡುಗಿಗೆ ಆ ಕೇಳ್ಮಿ ಎಲ್ಲಿಂದ ಬರಬೇಕು? ಅದನ್ನ ಮನಿಯವರು ಯೋಚನೆ ಮಾಡಬೇಕು.

ಜಯನಗರದ ಅಪ್ಪ

ಎಲ್ಲರಿಗೂ ನಮಸ್ಕಾರ, ಬಹಳ ಉಪಯೋಗವಾಗ್ತಿದೆ. ಶನಿವಾರ ಗುಂಪಿನ ತರಗತಿ ನೋಡೋಕೆ ಒಪ್ಪಿದ್ದಾರೆ. ಸಂಗೀತ ಬಾರದ ನಾನು ಅಲ್ಲಿ ಕೂತು ಏನನ್ನು ಗಮನಿಸಲಿ?

ಸರಳೆ ಟೀಚರ್, ಮೈಸೂರು

ಸಂಗೀತ ಬರದಿದ್ದರೂ ಇಷ್ಟು ಕಾಣುತ್ತೆ, ಕೇಳುತ್ತೆ.

ಗಡಿಯಾರ ನೋಡ್ಕೊಂಡು ಕೂರಿ. ಒಂದು ಗಂಟೆಯಲ್ಲಿ ಎಷ್ಟು ಮಕ್ಕಳು ಒಂಟಿಯಾಗಿ ಹಾಡಿದರು, ಪ್ರತಿಯೊಬ್ಬರೂ ಎಷ್ಟು ಹೊತ್ತು ಅಂತ ಬರೆದುಕೊಳ್ಳಿ. ಒಂಟಿಯಾಗಿ ಹಾಡಿಸೋದು ಚೆನ್ನಾಗಿ ಹಾಡುವ ಇಬ್ಬರನ್ನೇನಾ ಅಂತಲೂ ನೋಡಿ.

ಮಗು ಹಾಡುವಾಗ ಗುರುಗಳು ಸುಮ್ಮನಿರ್ತಾರಾ? ತಾವೂ ಜೊತೆಗೆ ಹಾಡ್ತಿದ್ದರೆ ಅವರಿಗೆ ಮಗುವಿನ ತಪ್ಪು ಕೇಳಿಸಲ್ಲ, ಮಗು ಅವರ ದನಿಯ ಊರುಗೋಲು ಹಿಡ್ಕೊಂಡೇ ನಡೆಯುತ್ತೆ. ಖಾಸಗಿ ಪಾಠದಲ್ಲಿ ಇದೇ ಅತಿ ದೊಡ್ಡ ದೋಷ, ಯಾಕಂದರೆ ಅಲ್ಲಿ ಹಿಂದಿನಿಂದ ಹಾಡೋಕೆ ಬೇರೆ ಮಕ್ಕಳಿಲ್ಲ, ಗುರುಗಳೇ ಪಾಪ ಅಂತ ಎತ್ತಿಕೊಡ್ತಾರೆ.

ತಪ್ಪಾದಾಗ "ಇನ್ನೊಂದು ಸಲ" ಅಂತಾರಾ, ಅಥವಾ "ಗಾಂಧಾರ ಕೆಳಗಿದೆ, ಮಧ್ಯಮದ ಹತ್ತಿರಕ್ಕೆ ತಾ" ಅಂತ ಎಲ್ಲಿ ತಪ್ಪಿದೆ ಅಂತ ಹೇಳ್ತಾರಾ? ಎರಡನೆಯವರು ಬೇಕು.

ತಾಳದ ಕೈ ಎಲ್ಲರದ್ದೂ ಆಡ್ತಿದೆಯಾ? ಹಿಂದಿನ ಸಾಲಿನವರನ್ನು ನೋಡಿ.

ಕೊನೆಯದು, ಯಾವ ಪಾಠ ನಡೀತಿದೆ ಅಂತ ಕೇಳಿ. ಆರು ತಿಂಗಳಾದ ಗುಂಪು ಸರಳೆ, ಜಂಟಿಯಲ್ಲಿ ಇದ್ದರೆ ನೆಮ್ಮದಿಯಿಂದ ಸೇರಿಸಿ. ಎರಡೇ ತಿಂಗಳಿಗೆ ಗಣೇಶ ಹಬ್ಬದ ವೇದಿಕೆಗೆ ಅಂತ ಏಳೆಂಟು ದೇವರನಾಮ ಹಾಡಿಸ್ತಿದ್ದರೆ ಅಡಿಪಾಯ ಬಿಟ್ಟು ಹೋಗಿದೆ ಅಂತ ಅರ್ಥ. ಪಾಠದ ಜೊತೆಗೆ ಒಂದೆರಡು ದೇವರನಾಮ ಇರಬೇಕು, ಮಕ್ಕಳಿಗೆ ಖುಷಿ. ಆದರೆ ವರಸೆಗಳ ಬದಲಿಗೆ ಅಲ್ಲ. ಪುರಂದರದಾಸರು ಹಾಕಿಕೊಟ್ಟ ಈ ಕ್ರಮದಲ್ಲಿ ಒಂದು ಮೆಟ್ಟಿಲು ಹಾರಿದರೂ ಮುಂದೆ ವರ್ಣ ಅನ್ನುವ ದೊಡ್ಡ ಪಾಠದ ಹೊತ್ತಿಗೆ ಅದು ಹೊರಬೀಳುತ್ತೆ.

ಮಲ್ಲೇಶ್ವರಂ ಗಾಯಕಿ

ಶ್ರುತಿಯನ್ನೂ ಕೇಳಿ ಸರ್. ಎಂಟು ಮಕ್ಕಳಿಗೂ ಒಂದೇ ಶ್ರುತಿ ಇಟ್ಟಿರ್ತಾರೆ, ಬೇರೆ ದಾರಿ ಇಲ್ಲ. ಅದು ನಿಮ್ಮ ಮಗಳಿಗೆ ಹೊಂದುತ್ತಾ ಅನ್ನೋದು ಪ್ರಶ್ನೆ. ಈ ವಯಸ್ಸಿನ ಹೆಚ್ಚಿನ ಹೆಣ್ಣುಮಕ್ಕಳು ಐದು, ಐದೂವರೆ ಮನೆಯ (ಶ್ರುತಿಯ ಎತ್ತರವನ್ನು ಹೀಗೆ ಮನೆಗಳಲ್ಲಿ ಎಣಿಸ್ತಾರೆ) ಆಸುಪಾಸಿನಲ್ಲಿ ಹಾಡ್ತಾರೆ, ಕೆಲವರದು ಇನ್ನೂ ಮೇಲೆ. ಪುರುಷ ಗುರುಗಳು ತಮ್ಮ ಒಂದು, ಒಂದೂವರೆ ಮನೆಯಲ್ಲೇ ಪಾಠ ಹೇಳಿದರೆ ಮಕ್ಕಳು ಒಂದು ಸ್ಥಾಯಿ ಮೇಲೆ ಹಾಡ್ತಾರೆ, ತಾರ ಸ್ಥಾಯಿಯ (ಮೇಲಿನ ಸ್ವರಗಳ) ವರಸೆಗೆ ಬಂದಾಗ ಕಿರುಚಬೇಕಾಗುತ್ತೆ. ಪರೀಕ್ಷೆ ಸುಲಭ: ಮಂದ್ರ ಪಂಚಮ (ಕೆಳಗಿನ ಪ) ಗಾಳಿಯಾಗದೆ ಕೇಳಬೇಕು, ತಾರ ಗಾಂಧಾರಕ್ಕೆ (ಮೇಲಿನ ಗ) ಹೋದಾಗ ಕತ್ತಿನ ನರ ಉಬ್ಬಬಾರದು, ಗಲ್ಲ ಮೇಲೆತ್ತಬಾರದು. ಇದು ಸಂಗೀತ ಬಾರದ ಅಪ್ಪನ ಕಣ್ಣಿಗೂ ಕಾಣುತ್ತೆ. ಅರ್ಧ ಮನೆ ಹೆಚ್ಚುಕಡಿಮೆ ಇದ್ದರೆ ಪರವಾಗಿಲ್ಲ, ಎರಡು ಮನೆ ವ್ಯತ್ಯಾಸ ಇದ್ದರೆ ಆ ಗುಂಪು ಬೇಡ.

ಗಂಡು ಮಕ್ಕಳಿರುವವರು ಇನ್ನೊಂದು ನೆನಪಿಟ್ಟುಕೊಳ್ಳಿ. 12ರಿಂದ 14ರ ನಡುವೆ ದನಿ ಒಡೆಯುವಾಗ ಗುಂಪಿನಲ್ಲಿ ಮುಂದುವರಿಸಬೇಡಿ. ಶ್ರುತಿಯನ್ನು ಹಂತಹಂತವಾಗಿ ಇಳಿಸ್ತಾ, ತಾರ ಸ್ಥಾಯಿ ಬಿಟ್ಟು, ಹೊತ್ತು ಕಡಿಮೆ ಮಾಡಿ ಹಾಡಿಸಬೇಕು. ಅದು ಒಬ್ಬನಿಗೇ ಪಾಠ ಇದ್ದರೆ ಮಾತ್ರ ಸಾಧ್ಯ. "ದನಿ ಹೋಯ್ತು" ಅಂತ ಆ ವಯಸ್ಸಿನಲ್ಲಿ ಬಿಟ್ಟುಬಿಡುವ ಹುಡುಗರನ್ನು ಉಳಿಸಿಕೊಳ್ಳಬಹುದು.

ಪಿಟೀಲು

ಹಾಡುಗಾರಿಕೆಯ ಲೆಕ್ಕ ವಾದ್ಯಕ್ಕೆ ಹೊಂದಲ್ಲ. ಯಾರಾದರೂ ಪಿಟೀಲಿಗೆ ಸೇರಿಸೋ ಯೋಚನೆ ಇದ್ದರೆ ಗೊತ್ತಿರಲಿ. ಆರು ಮಕ್ಕಳ ಪಿಟೀಲು ಶ್ರುತಿ ಮಾಡೋಕೆ ಒಂದೊಂದಕ್ಕೆ ಮೂರು ನಿಮಿಷ ಅಂದರೂ 18 ನಿಮಿಷ. ಸ ಪ ಸ ಪ ನಾಲ್ಕು ತಂತಿ, ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಜಾರುತ್ತೆ. ನಾಲ್ಕು ತಂತಿಗೂ ಫೈನ್ ಟ್ಯೂನರ್ (ಸಣ್ಣ ತಿರುಪು) ಹಾಕಿಸಿದರೆ ಕೆಲಸ ಬೇಗ ಆಗುತ್ತೆ, ಮಕ್ಕಳ ಪಿಟೀಲಿಗೆ ಅದು ಬೇಕೇ ಬೇಕು.

ಮೊದಲ ಮೂರು ತಿಂಗಳು ಕೆಲಸವೆಲ್ಲ ಬಿಲ್ಲಿನದು. ಬಿಲ್ಲು ಕುದುರೆಗೂ (ತಂತಿಗಳನ್ನು ಹೊತ್ತ ಮರದ ಪಟ್ಟಿ) ಬೆರಳುಹಲಗೆಗೂ ನಡುವೆ ಒಂದೇ ಗೆರೆಯಲ್ಲಿ ನೆಟ್ಟಗೆ ಹೋಗಬೇಕು. ಮಕ್ಕಳದು ತುದಿಗೆ ಹೋದಾಗ ವಾರೆಯಾಗುತ್ತೆ, ಯಾಕಂದರೆ ಮೊಣಕೈ ಬಿಚ್ಚದೆ ಭುಜದಿಂದ ಎಳೀತಾರೆ. ಗುರುಗಳು ಪಕ್ಕದಲ್ಲಿ ಕೂತು ಮೊಣಕೈ ಹಿಡಿದು ತಿದ್ದಬೇಕು. ಆರು ಮೊಣಕೈ ಹಿಡಿಯೋಕಾಗಲ್ಲ. ಇನ್ನು ಎಲ್ಲರೂ ಒಟ್ಟಿಗೆ ನುಡಿಸಿದರೆ ತನ್ನ ಬೆರಳು ಸರಿ ಜಾಗದಲ್ಲಿ ಬಿತ್ತಾ ಅಂತ ಮಗುವಿಗೇ ಕೇಳಿಸಲ್ಲ. ಹಾಗಾಗಿ ಪಿಟೀಲಿಗೆ ಒಬ್ಬರಿಗೇ ಪಾಠ, ಅಥವಾ ಹೆಚ್ಚೆಂದರೆ ಇಬ್ಬರು.

ಅಳತೆಯೂ ಮುಖ್ಯ. ಸುಮಾರು ಏಳರಿಂದ ಒಂಬತ್ತು ವರ್ಷಕ್ಕೆ ಅರ್ಧ ಅಳತೆ, ಒಂಬತ್ತರಿಂದ ಹನ್ನೊಂದಕ್ಕೆ ಮುಕ್ಕಾಲು. "ಬೆಳೆದಾಗ ಬೇಕಾಗುತ್ತೆ" ಅಂತ ಪೂರ್ಣ ಅಳತೆಯದು ಕೊಡಿಸಿದರೆ ಎಡಗೈ ಬೆರಳು ಚಾಚಿ ಚಾಚಿ ಸ್ವರಸ್ಥಾನವೇ ಕೆಡುತ್ತೆ. ವಯಸ್ಸಿಗಿಂತ ಕೈಯ ಉದ್ದ ನೋಡಿ ಗುರುಗಳೇ ಆರಿಸಲಿ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ ಕೇಳ್ತಿದ್ದೀನಿ. ಇಲ್ಲಿ ನಮ್ಮಂಥವರು ಬೆಂಗಳೂರು, ಮೈಸೂರಿನ ಗುರುಗಳ ಹತ್ತಿರ ಆನ್‌ಲೈನ್ ಪಾಠ ಹಾಕಿಸ್ತೀವಿ. ಅಲ್ಲೂ ಗುಂಪು, ಖಾಸಗಿ ಎರಡೂ ಇದೆ. ನೀವು ಹೇಳಿದ್ದು ಅದಕ್ಕೂ ಅನ್ವಯಿಸುತ್ತಾ?

ಸರಳೆ ಟೀಚರ್, ಮೈಸೂರು

ಆನ್‌ಲೈನಿನಲ್ಲಿ ಗುಂಪಿನ ಲಾಭ ಹೆಚ್ಚೂಕಡಿಮೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ದನಿ ತಲುಪೋಕೆ ತಡವಾಗುವುದರಿಂದ ಇಬ್ಬರು ಒಟ್ಟಿಗೆ ಹಾಡೋಕಾಗಲ್ಲ, ಎಲ್ಲರನ್ನೂ ಮ್ಯೂಟ್ ಮಾಡಿ ಗುರುಗಳು ಒಬ್ಬರೇ ಹಾಡ್ತಾರೆ. ಆಗ ಮಗುವಿಗೆ ಜೊತೆಯೂ ಇಲ್ಲ, ತಿದ್ದುವವರೂ ಇಲ್ಲ. ಆನ್‌ಲೈನ್ ಆದರೆ ಒಬ್ಬರಿಗೇ ಪಾಠ, 30 ನಿಮಿಷ ಸಾಕು, ವಾರಕ್ಕೆ ಎರಡು ದಿನ ಸಿಕ್ಕಿದರೆ ಒಳ್ಳೇದು.

ತಂಬೂರಿ ಮಗುವಿನ ಮನೆಯಲ್ಲಿ, ಬೇರೆ ಫೋನಿನಲ್ಲಿ ನುಡೀಬೇಕು. ಗುರುಗಳ ಕಡೆಯಿಂದ ಬರುವ ತಂಬೂರಿಗೆ ಹಾಡಿಸಬೇಡಿ, ಅದು ಕಡಿದು ಕಡಿದು ಬರುತ್ತೆ. ಜೂಮ್ ಆದರೆ ಆಡಿಯೋ ಸೆಟ್ಟಿಂಗ್‌ನಲ್ಲಿ "ಒರಿಜಿನಲ್ ಸೌಂಡ್" ಆನ್ ಮಾಡಿ. ಮಾಡದಿದ್ದರೆ ಅದು ತಂಬೂರಿಯ ನಾದವನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತೆ, ಉದ್ದಕ್ಕೆ ನಿಲ್ಲಿಸಿದ ಷಡ್ಜವನ್ನೂ ತಿಂದುಬಿಡುತ್ತೆ. ಮಗು ಶ್ರುತಿ ಸೇರಿದೆಯೋ ಇಲ್ಲವೋ ಗುರುಗಳಿಗೆ ಗೊತ್ತೇ ಆಗಲ್ಲ. ತಾಳವನ್ನು ಮಗುವೇ ಹಾಕಬೇಕು. ಪರದೆಯಲ್ಲಿ ಗುರುಗಳ ಕೈ ನೋಡ್ಕೊಂಡು ಹಾಡಿದರೆ ಲಯ ತಪ್ಪುತ್ತೆ. ಕ್ಯಾಮೆರಾ ಹೆಗಲಿಂದ ತೊಡೆವರೆಗೆ ಕಾಣುವ ಹಾಗೆ ಇಡಿ, ತಾಳದ ಕೈ ಕಾಣಬೇಕು.

ವೇಳೆ ನಿಗದಿ ಮಾಡುವಾಗ ಚಳಿಗಾಲದ ಗಡಿಯಾರವನ್ನು (ನಿಮ್ಮಲ್ಲಿ ಗಡಿಯಾರ ಒಂದು ಗಂಟೆ ಹಿಂದೆಮುಂದೆ ಮಾಡ್ತಾರಲ್ಲ) ಮರೀಬೇಡಿ. ಇಲ್ಲಿಯ ಶನಿವಾರ ಸಂಜೆ 7 ಗಂಟೆ ನಿಮಗೆ ಬೇಸಿಗೆಯಲ್ಲಿ ಬೆಳಿಗ್ಗೆ 9:30, ಚಳಿಗಾಲದಲ್ಲಿ 8:30. ನವೆಂಬರಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಪಾಠ ತಪ್ಪಿಹೋಗೋದು ಇದರಿಂದಲೇ.

ಜೊತೆಯಾಗಿ ಹಾಡುವ ಅಭ್ಯಾಸಕ್ಕೆ ನಿಮ್ಮೂರಿನ ಆರಾಧನೆಗಳಿಗೆ ಕರ್ಕೊಂಡು ಹೋಗಿ. ಪುಷ್ಯ ಮಾಸದಲ್ಲಿ ತ್ಯಾಗರಾಜರ ಆರಾಧನೆ, ಪುರಂದರದಾಸರ ಆರಾಧನೆ ಎರಡೂ ಬರುತ್ತೆ, ಎಲ್ಲರೂ ಸೇರಿ ಹಾಡುವ ಗೋಷ್ಠಿ ಗಾಯನದಲ್ಲಿ ಮಕ್ಕಳನ್ನು ಕೂರಿಸ್ತಾರೆ.

ಜಯನಗರದ ಅಪ್ಪ

ಸಂಗೀತದ ಪರೀಕ್ಷೆಗೆ ಕಟ್ಟಿಸೋದು ಗುಂಪಿನವರು ಚೆನ್ನಾಗಿ ಮಾಡ್ತಾರೆ ಅಂತ ಒಬ್ಬರು ಹೇಳಿದರು. ಮತ್ತೆ, ಗುಂಪಿನಲ್ಲಿ ಶುರು ಮಾಡಿದರೆ ಯಾವಾಗ ಬದಲಾಯಿಸಬೇಕು?

ಮಲ್ಲೇಶ್ವರಂ ಗಾಯಕಿ

ಸಂಗೀತದ ಜೂನಿಯರ್ ಪರೀಕ್ಷೆಯಲ್ಲಿ ಎರಡು ಭಾಗ: ಲಕ್ಷಣ ಅಂದರೆ ಬರವಣಿಗೆ, ಲಕ್ಷ್ಯ ಅಂದರೆ ಹಾಡಿ ತೋರಿಸೋದು. ಬರವಣಿಗೆಯ ಭಾಗ, ಅಂದರೆ ತಾಳಾಂಗ, ಸ್ವರಸ್ಥಾನ, ವಾಗ್ಗೇಯಕಾರರ (ಹಾಡು ರಚಿಸಿದವರ) ವಿವರ ಇವೆಲ್ಲ ಗುಂಪಿನಲ್ಲಿ ಚೆನ್ನಾಗಿ ನಡೆಯುತ್ತೆ, ಅದಕ್ಕೆ ಒಂಟಿ ಪಾಠದ ಹೊತ್ತು ಹಾಳು ಮಾಡಬಾರದು. ಹಾಡುವಾಗ ಮಾತ್ರ ಪರೀಕ್ಷಕರ ಮುಂದೆ ಒಬ್ಬಳೇ. ಏಳು ವರ್ಷದವಳಿಗೆ ಈಗ ಪರೀಕ್ಷೆಯ ಯೋಚನೆ ಬೇಡವೇ ಬೇಡ.

ಬದಲಾಯಿಸುವ ಹೊತ್ತು ಗೀತೆ (ಮೊದಲ ಸರಳ ಹಾಡುಗಳು) ಮುಗಿದು ಸ್ವರಜತಿ, ವರ್ಣ ಅನ್ನುವ ಮುಂದಿನ ಪಾಠಗಳಿಗೆ ಹೋಗುವಾಗ. ಅಲ್ಲಿಯವರೆಗೆ ಸ್ವರಗಳು ಹೆಚ್ಚಾಗಿ ನೇರವಾಗಿ ಬರುತ್ತೆ. ಮಲಹರಿ ರಾಗದ ಪಿಳ್ಳಾರಿ ಗೀತೆಗಳನ್ನು ನಾಲ್ವರು ಸೇರಿ ಹಾಡಿದರೂ ಹಾಳಾಗಲ್ಲ. ವರ್ಣದಲ್ಲಿ ಗಮಕ ಬಂತು. ಒಂದು ಸ್ವರ ಎಲ್ಲಿಂದ ಹೊರಟು ಎಷ್ಟು ತೂಗಿ ಎಲ್ಲಿ ನಿಲ್ಲುತ್ತೆ ಅನ್ನೋದು ಮಗುವಿನಿಂದ ಮಗುವಿಗೆ ಬೇರೆ ಥರ ಬರುತ್ತೆ, ಒಬ್ಬೊಬ್ಬರನ್ನೇ ತಿದ್ದಬೇಕು. ಅದೇ ವರ್ಣವನ್ನು ಎರಡನೆಯ ಕಾಲದಲ್ಲಿ ಹಾಡುವಾಗ ಗಮಕ ಉದುರಿ ಬರೀ ಸ್ವರದ ಅಸ್ಥಿಪಂಜರ ಉಳಿಯುತ್ತೆ, ಗುಂಪಿನಲ್ಲಿ ಇದನ್ನು ಹಿಡಿಯೋದು ಕಷ್ಟ.

ಬದಲಾಯಿಸಬೇಕು ಅಂದರೆ ಗುರುಗಳನ್ನೇ ಬಿಡಬೇಕು ಅಂತಿಲ್ಲ. ಅದೇ ಗುರುಗಳನ್ನು ಕೇಳಿ: ಎರಡು ಗುಂಪಿನ ತರಗತಿಯಲ್ಲಿ ಒಂದನ್ನು ಬಿಟ್ಟು, ಅದರ ಬದಲಿಗೆ 20 ನಿಮಿಷ ಒಬ್ಬಳಿಗೇ ಕೊಡ್ತೀರಾ, ಎಷ್ಟು ಕೊಡಬೇಕು? ಬಹಳ ಜನ ಒಪ್ಪುತ್ತಾರೆ. ಗುಂಪಿಗೆ ಒಬ್ಬ ಗುರು, ಖಾಸಗಿಗೆ ಇನ್ನೊಬ್ಬ ಗುರು ಅಂತ ಮಾತ್ರ ಮಾಡಬೇಡಿ. ಒಂದೇ ಕೃತಿಯನ್ನು ಹೇಳಿಕೊಡುವ ಪಾಠಾಂತರ ಇಬ್ಬರದ್ದೂ ಬೇರೆ ಇರುತ್ತೆ, ಸಂಗತಿ (ಒಂದು ಸಾಲನ್ನು ಬೆಳೆಸಿ ಹಾಡುವ ಬಗೆ) ಬೇರೆ, ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಹಿಡಿಯುವ ರೀತಿ ಬೇರೆ. ಮಗು ಎರಡನ್ನೂ ಕಲಸಿ ಇಬ್ಬರಿಂದಲೂ ಬೈಸಿಕೊಳ್ಳುತ್ತೆ.

ಧಾರವಾಡದವ

ಮತ್ತ ಸಾಹೇಬ್ರ, ಕೇಳ್ಮಿ ಬಗ್ಗೆ ಹೇಳಿದ್ನಲ್ಲ, ನಿಮ್ಮ ಬೆಂಗಳೂರಾಗ ಅದಕ್ಕ ಕೊರತೆ ಇಲ್ಲ. ರಾಮನವಮಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಾಗ ಕಛೇರಿ ನಡೀತಾವ, ಕೂಸಿಗೆ ಅರ್ಧ ತಾಸು ಕೂಡಿಸಿ ಎಬ್ಬಿಸಿಕೊಂಡು ಬರ್ರಿ. ಪೂರಾ ಮೂರು ತಾಸು ಕೂಡ್ರಸಬ್ಯಾಡ್ರಿ.

ಸರಳೆ ಟೀಚರ್, ಮೈಸೂರು

ಜಯನಗರದ ಸರ್, ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ: ಶನಿವಾರ ನೋಡಿದಾಗ ಆ ಗುರುಗಳು ಪ್ರತಿ ಮಗುವನ್ನೂ ಒಂಟಿಯಾಗಿ ಹಾಡಿಸ್ತಿದ್ದರೆ ಗುಂಪಿಗೇ ಸೇರಿಸಿ. ವಾರಕ್ಕೆ ಎರಡು ದಿನ ಪಾಠ ಕೇಳೋದು ಈ ವಯಸ್ಸಿಗೆ ಒಂದು ದಿನಕ್ಕಿಂತ ಎಷ್ಟೋ ಮೇಲು. ಮನೆಯಲ್ಲಿ ತಿದ್ದುವವರಿಲ್ಲ ಅಂದಿರಲ್ಲ, ಆರು ದಿನ ತಪ್ಪನ್ನೇ ಗಟ್ಟಿ ಮಾಡಿಕೊಂಡರೆ ಏಳನೆಯ ದಿನ ಅದನ್ನು ಕೀಳೋಕೇ ಪಾಠದ ಹೊತ್ತು ಹೋಗುತ್ತೆ. ಒಂಟಿಯಾಗಿ ಹಾಡಿಸದಿದ್ದರೆ ಖಾಸಗಿಗೆ ಹೋಗಿ, ಆದರೆ 40 ನಿಮಿಷದ ಒಂದು ಪಾಠವನ್ನು 20 ನಿಮಿಷದ ಎರಡಾಗಿ ಮಾಡ್ತೀರಾ ಅಂತ ಕೇಳಿ.

ಯಾವುದಕ್ಕೆ ಸೇರಿಸಿದರೂ ಪ್ರತಿ ಪಾಠದ ಕೊನೆಗೆ, ಗುರುಗಳ ಅನುಮತಿ ಕೇಳಿ, ಆ ದಿನದ ವರಸೆಯನ್ನು ಅವರು ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಮಗುವಿನ ಶ್ರುತಿಯಲ್ಲೇ. ಮನೆಯಲ್ಲಿ ದಿನಾ 15 ನಿಮಿಷ: ಮೊದಲು ಎರಡು ನಿಮಿಷ ತಂಬೂರಿಗೆ ಸ, ಪ, ಮೇಲಿನ ಸ ಅಷ್ಟೇ. ಆಮೇಲೆ ರೆಕಾರ್ಡಿಂಗ್ ಒಂದು ಸಲ ಕೇಳಿಸಿ, ನಿಲ್ಲಿಸಿ, ಅವಳು ಒಬ್ಬಳೇ ಹಾಡಲಿ. ರೆಕಾರ್ಡಿಂಗ್ ಜೊತೆಗೆ ಹಾಡಿಸಬೇಡಿ. ತಿಂಗಳಿಗೊಮ್ಮೆ ಅವಳು ಒಂಟಿಯಾಗಿ ಹಾಡಿದ್ದನ್ನು ರೆಕಾರ್ಡ್ ಮಾಡಿ ಹಿಂದಿನ ತಿಂಗಳದ್ದರ ಪಕ್ಕಕ್ಕಿಟ್ಟು ಕೇಳಿ. ಕೊನೆಯ ಷಡ್ಜಕ್ಕೆ ಬಂದಾಗ ಅವಳ ದನಿ ತಂಬೂರಿಯೊಳಗೆ ಕರಗಿ ಹೋಗ್ತಿದೆಯಾ, ಬೇರೆಯಾಗಿ ಕೊರೀತಿದೆಯಾ ಅನ್ನೋದು ಸಂಗೀತ ಬಾರದ ಕಿವಿಗೂ ಗೊತ್ತಾಗುತ್ತೆ. ಮೂರು ತಿಂಗಳು ಕಳೆದರೂ ಕೊರೀತಾನೇ ಇದ್ದರೆ ಆ ರೆಕಾರ್ಡಿಂಗ್ ತಗೊಂಡು ಹೋಗಿ ಗುರುಗಳಿಗೇ ಕೇಳಿಸಿ.